ಒಂದೇ ಅಚ್ಚಿನ ಜಾನಪದ

ನವೆಂಬರ್ ಬಂತೆಂದರೆ ಪೀಣ್ಯದ ಸುತ್ತಮುತ್ತಲಿನವರಿಗೆ ನಿದ್ದೆಗೆ ಬರ. ರಾಜ್ಯೋತ್ಸವ ಒಂದನೇ ತಾರೀಖಿಗೆ ಎಂಬುದು ಕ್ಯಾಲೆಂಡರಿನ ಮಾತು. ನಮ್ಮಲ್ಲಿ ಅದು ಲಗ್ಗೆರೆಯಲ್ಲಿ ಒಂದು ಶನಿವಾರ, ಹೆಗ್ಗನಹಳ್ಳಿಯಲ್ಲಿ ಇನ್ನೊಂದು ಶನಿವಾರ, ರಾಜಗೋಪಾಲನಗರದಲ್ಲಿ ಮತ್ತೊಂದು ಭಾನುವಾರ ಎಂದು ಡಿಸೆಂಬರಿನ ಚಳಿಯವರೆಗೂ ಎಳೆದುಕೊಂಡು ಹೋಗುತ್ತದೆ. ಬೀದಿಗೆ ಅಡ್ಡಲಾಗಿ ಶಾಮಿಯಾನ, ಹಳದಿ-ಕೆಂಪು ಬಾವುಟ, ತಾಯಿ ಭುವನೇಶ್ವರಿಯ ಪಟ, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳಿಗೆ ಶಾಲು, ಆಮೇಲೆ ಆರ್ಕೆಸ್ಟ್ರಾ. ಇದ್ಯಾವುದರ ಬಗ್ಗೆಯೂ ನನಗೆ ತಕರಾರಿಲ್ಲ. ವರ್ಷಕ್ಕೊಂದು ಸಲ ಬೀದಿಯವರೆಲ್ಲ ಕುರ್ಚಿ ಹಾಕಿಕೊಂಡು ಒಟ್ಟಿಗೆ ಕೂರುವುದು ಒಳ್ಳೆಯದೇ. ನನ್ನ ತಕರಾರು ಶುರುವಾಗುವುದು, ನಿರೂಪಕರು ಮೈಕು ಹಿಡಿದು "ಈಗ ನಮ್ಮ ಮಣ್ಣಿನ ಸೊಗಡಿನ ಒಂದು ಜಾನಪದ ಗೀತೆ" ಎಂದು ಕೂಗಿದ ಮೇಲೆ.

ಕೂಗಿದ ಮರುಕ್ಷಣ ಕೀಬೋರ್ಡಿನವರು ಒಂದು ಗುಂಡಿ ಒತ್ತುತ್ತಾರೆ. ತಮಟೆಯಂಥದೇನೋ, ಡೋಲಿನಂಥದೇನೋ ಒಂದು ಸದ್ದು ಗುಡುಗುಡು ಎಂದು ಓಡತೊಡಗುತ್ತದೆ. ಅದರ ಮೇಲೆ ಕೊಳಲಿನ ಒಂದು ಚೂರು. ನಡುನಡುವೆ "ಹೋಯ್ ಹೋಯ್" ಎಂಬ ಗಂಡುದನಿಗಳ ಕೂಗು. ಆಮೇಲೆ ಹಾಡು. ಪಲ್ಲವಿ, ಎರಡು ಚರಣ, ಮತ್ತೆ ಪಲ್ಲವಿ, ಮುಗಿಯಿತು. ಮುಂದಿನ ಹಾಡಿಗೂ ಅದೇ ಗುಂಡಿ. ಕಣ್ಣು ಮುಚ್ಚಿ ಕೇಳಿದರೆ ಇದು ಲಗ್ಗೆರೆಯೋ ಹೊಸೂರು ರಸ್ತೆಯ ಹೆಬ್ಬಗೋಡಿಯೋ ಹೇಳುವುದು ಕಷ್ಟ. ಮಾದಪ್ಪನ ಹಾಡಿರಲಿ, ಎಲ್ಲಮ್ಮನ ಹಾಡಿರಲಿ, ಹೆಣ್ಣೊಬ್ಬಳು ತವರನ್ನು ನೆನೆದು ಕಣ್ಣೀರು ಹಾಕಿದ ಹಾಡಿರಲಿ, ಎಲ್ಲಕ್ಕೂ ಒಂದೇ ಓಟ, ಒಂದೇ ಕುಣಿತ. ಅಳುವ ಹಾಡಿಗೂ ಹುಡುಗರು ಶಿಳ್ಳೆ ಹೊಡೆದು ಕುಣಿಯುತ್ತಾರೆ. ಅವರ ತಪ್ಪೇನು? ತಾಳ ಕುಣಿ ಎನ್ನುತ್ತದೆ, ಅವರು ಕುಣಿಯುತ್ತಾರೆ.

ಜಾನಪದ ಎಂಬ ಹೆಸರಿನಲ್ಲಿ ಈಗ ನಮ್ಮ ವೇದಿಕೆಗಳ ಮೇಲೆ, ನಮ್ಮ ಫೋನುಗಳಲ್ಲಿ, ನಮ್ಮ ಮದುವೆಮನೆಗಳಲ್ಲಿ ಕೇಳುತ್ತಿರುವ ಹಾಡುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವು. ಇದರಿಂದ ಹೆಚ್ಚು ಕಳೆದುಕೊಂಡವರು ಹೆಂಗಸರು. ಇವೆರಡೂ ನನ್ನ ಮಾತು. ಎರಡಕ್ಕೂ ಕಾರಣ ಕೊಡುತ್ತೇನೆ, ಕೇಳಿ.

ಮೊದಲ ಮಾತಿಗೆ ಬರುವ ಆಕ್ಷೇಪಣೆ ನನಗೆ ಬಾಯಿಪಾಠವಾಗಿದೆ. ನಮ್ಮ ರಸ್ತೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ, ಓದಿಕೊಂಡವರು. "ಜಾನಪದ ಯಾವಾಗ ಬೇರೆ ಬೇರೆ ಇತ್ತಮ್ಮಾ? ಎಲ್ಲವೂ ಅದೇ ಧಾಟಿ. ಅದೇ ತವರು, ಅದೇ ಅಣ್ಣ, ಅದೇ ಬಳೆಗಾರ, ಅದೇ ತೊಟ್ಟಿಲು. ಒಂದು ಕೇಳಿದರೆ ನೂರು ಕೇಳಿದ ಹಾಗೆ" ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಹಾಗಾಗಿಯೇ ಇದಕ್ಕೆ ಪೂರ್ತಿ ಉತ್ತರ ಕೊಡಬೇಕು.

ಅಚ್ಚು ಹಳೆಯ ಹಾಡಿಗೂ ಇತ್ತು. ನಮ್ಮ ತ್ರಿಪದಿಯನ್ನೇ ತೆಗೆದುಕೊಳ್ಳಿ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 7ನೇ ಶತಮಾನದ ಕೊನೆಯದು ಎನ್ನುತ್ತಾರೆ. ಅದರಲ್ಲಿ ತ್ರಿಪದಿಗಳಿವೆ. ಸರ್ವಜ್ಞ ಹೇಳಿದ್ದೂ ಅದೇ ಮೂರು ಸಾಲಿನಲ್ಲಿ. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ಹಾಡಿದ್ದೂ ಅದೇ ಮೂರು ಸಾಲಿನಲ್ಲಿ. ಸಾವಿರದ ಮುನ್ನೂರು ವರ್ಷ ಒಂದು ಅಚ್ಚು ಸವೆಯದೆ ಬಾಳಿದೆ ಎಂದರೆ ಅಚ್ಚು ಇರುವುದೇ ದೋಷವಲ್ಲ ಎಂದು ತಾನೇ ಅರ್ಥ?

ಹೊರದೇಶದವರೂ ಇದನ್ನು ಕಂಡುಕೊಂಡಿದ್ದಾರೆ. ಅಮೆರಿಕದ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸ 1930ರ ದಶಕದಲ್ಲಿ ಯುಗೋಸ್ಲಾವಿಯಾದ ಹಳ್ಳಿಗಳಲ್ಲಿ ಸುತ್ತಿ, ಅಕ್ಷರ ಬಾರದ ಹಾಡುಗಾರರು ಸಾವಿರಾರು ಸಾಲಿನ ಕಥನಗಳನ್ನು ಹೇಗೆ ಹಾಡುತ್ತಾರೆ ಎಂದು ಧ್ವನಿಮುದ್ರಿಸಿಕೊಂಡ. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕ ಬರೆದ. ಅವರು ಕಂಡದ್ದು ಇಷ್ಟು. ಹಾಡುಗಾರ ಇಡೀ ಹಾಡನ್ನು ಬಾಯಿಪಾಠ ಮಾಡಿರುವುದಿಲ್ಲ. ಅವನ ಹತ್ತಿರ ಸಿದ್ಧವಾದ ನುಡಿಕಟ್ಟುಗಳ ಒಂದು ಗಂಟು ಇರುತ್ತದೆ. ಹಾಡುತ್ತ ಹಾಡುತ್ತಲೇ ಅದರಿಂದ ತೆಗೆದು ಹೊಸದಾಗಿ ಕಟ್ಟುತ್ತಾನೆ. ಬಳ್ಳಾರಿ ಜಿಲ್ಲೆಯ ದರೋಜಿ ಈರಮ್ಮ ಓದುಬರಹ ಬಾರದವರು. ಬುರ್ರಕಥೆಯಲ್ಲಿ ಇಡೀ ಕುಮಾರರಾಮನ ಕಥೆಯನ್ನು ಹಾಡುತ್ತಿದ್ದರು. 2014ರಲ್ಲಿ ತೀರಿಕೊಂಡರು. ಅವರ ಬಾಯಲ್ಲಿ ಅದೆಷ್ಟು ಸಿದ್ಧ ಮಾತುಗಳಿದ್ದವೋ! ಆದರೆ ಯಾವ ಮಾತು ಎಲ್ಲಿ ಬೀಳಬೇಕು ಎಂಬ ತೀರ್ಮಾನ ಅವರದೇ ಆಗಿತ್ತು.

ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಚಕ್ಕುಲಿ ಒರಳು ಎಲ್ಲರ ಮನೆಯದೂ ಒಂದೇ. ಬಿಲ್ಲೆಯ ತೂತೂ ಒಂದೇ. ಆದರೂ ನಿಮ್ಮ ಮನೆಯ ಚಕ್ಕುಲಿಗೂ ನಿಮ್ಮ ನಾದಿನಿಯ ಮನೆಯ ಚಕ್ಕುಲಿಗೂ ವ್ಯತ್ಯಾಸ ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ. ಹಿಟ್ಟಿನ ಹದ, ಎಳ್ಳಿನ ಅಳತೆ, ಎಣ್ಣೆಯ ಕಾವು, ಇವು ಆಯಾ ಕೈಯವು. ಈಗ ಬಂದಿರುವುದು ಪ್ಯಾಕೆಟ್ಟಿನ ಚಕ್ಕುಲಿ. ಒರಳೂ ನಿಮ್ಮದಲ್ಲ, ಹದವೂ ನಿಮ್ಮದಲ್ಲ, ಕತ್ತರಿಯಲ್ಲಿ ಕತ್ತರಿಸಿ ತಟ್ಟೆಗೆ ಸುರಿಯುವುದಷ್ಟೇ ನಿಮ್ಮ ಕೆಲಸ. ಹಳೆಯ ಹಾಡಿನ ಅಚ್ಚು ಖಾಲಿ ಒರಳು, ಈಗಿನದು ತುಂಬಿ ಮೊಹರು ಹಾಕಿದ ಪ್ಯಾಕೆಟ್ಟು. ಮೇಷ್ಟ್ರಿಗೆ ನನ್ನ ಉತ್ತರ ಇದು.

ಇನ್ನೊಂದು ಉದಾಹರಣೆ, 'ಕೆರೆಗೆ ಹಾರ'. ಕಥೆ ನಿಮಗೆಲ್ಲ ಗೊತ್ತಿದೆ. ಕೆರೆಗೆ ನೀರು ಬರಲಿಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ಸಾಯುವ ಮುಂಚೆ ಅವಳು ತವರಿಗೆ ಹೋಗುತ್ತಾಳೆ. ಯಾಕವ್ವಾ ಮುಖ ಬಾಡಿದೆ ಎಂದು ಹೆತ್ತವರು ಕೇಳಿದರೆ ಬೇರೇನೋ ನೆಪ ಹೇಳುತ್ತಾಳೆ. ಗೆಳತಿ ಅದೇ ಪ್ರಶ್ನೆಯನ್ನು ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಕೇಳಿದಾಗ ಮಾತ್ರ ನಿಜ ಹೇಳುತ್ತಾಳೆ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುವುದರಿಂದಲೇ ಕೇಳುವವರ ಕರುಳು ಹಿಂಡುತ್ತದೆ. ಹೆತ್ತವರಿಗೆ ಹೇಳಲಾರದ್ದನ್ನು ಗೆಳತಿಗೆ ಹೇಳಿದಳಲ್ಲ ಎಂಬುದು ಆ ಪುನರಾವರ್ತನೆ ಇಲ್ಲದಿದ್ದರೆ ತಿಳಿಯುವುದೇ ಇಲ್ಲ. ಇದನ್ನು ನಾಲ್ಕು ನಿಮಿಷದ ಹಾಡಾಗಿ ಕತ್ತರಿಸಿ ನೋಡಿ. ಮೊದಲು ಕತ್ತರಿಗೆ ಸಿಗುವುದೇ ಆ ಮರುಮಾತುಗಳು. ಉಳಿಯುವುದು ಒಂದು ಸುದ್ದಿ: ಒಬ್ಬಳು ಸೊಸೆ ಕೆರೆಯಲ್ಲಿ ಸತ್ತಳು. ಸುದ್ದಿಗೆ ಯಾರು ಅಳುತ್ತಾರೆ?

ಹಾಡನ್ನು ಈ ಹೊಸ ಅಚ್ಚಿಗೆ ತಂದವರು ಯಾರು? "ಸಿನಿಮಾದವರು, ಕ್ಯಾಸೆಟ್ಟಿನವರು" ಎಂದು ಬೆರಳು ತೋರಿಸುವುದು ಸುಲಭ. ನಾನು ಹಾಗೆ ಹೇಳಲಾರೆ. 1996ರ 'ಜನುಮದ ಜೋಡಿ'ಗೆ ವಿ. ಮನೋಹರ್, 1997ರ 'ನಾಗಮಂಡಲ'ಕ್ಕೆ ಸಿ. ಅಶ್ವಥ್ ಕೊಟ್ಟ ಸಂಗೀತ ಸಿನಿಮಾದ್ದೇ. ಎರಡನ್ನೂ ನಿರ್ದೇಶಿಸಿದವರು ಟಿ.ಎಸ್. ನಾಗಾಭರಣ. ಆದರೂ ಒಂದರ ಹಾಡು ಇನ್ನೊಂದರ ಹಾಗಿಲ್ಲ. ಅಶ್ವಥ್ ಹಾರ್ಮೋನಿಯಂ ಮುಂದೆ ಕೂತು ಶಿಶುನಾಳ ಶರೀಫರ ಪದಗಳನ್ನು ಊರೂರಿಗೆ ಮುಟ್ಟಿಸಿದ್ದು ಕ್ಯಾಸೆಟ್ಟಿನಿಂದಲೇ. ಬಿ.ಕೆ. ಸುಮಿತ್ರಾ ಹಾಡಿದ ಜನಪದ ಗೀತೆಗಳು ನಮ್ಮ ಅಮ್ಮಂದಿರನ್ನು ತಲುಪಿದ್ದು ರೇಡಿಯೋದಿಂದ. ಯಂತ್ರ ಹಾಡನ್ನು ಕೊಲ್ಲುವುದಿಲ್ಲ.

ಈಗ ಕ್ಯಾಸೆಟ್ಟು ಕಂಪನಿಯ ಬಾಗಿಲು ಕಾಯುವ ಪಾಡೂ ಇಲ್ಲ. ರಾಯಚೂರು, ಯಾದಗಿರಿ, ವಿಜಯಪುರದ ಹಳ್ಳಿಯ ಹುಡುಗರು ತಾವೇ ಹಾಡು ಕಟ್ಟಿ ಯೂಟ್ಯೂಬಿಗೆ ಹಾಕುತ್ತಾರೆ. ವೈಟ್‌ಫೀಲ್ಡಿನ ಗಗನಚುಂಬಿ ಕಟ್ಟಡಗಳಿಗೆ ಇಟ್ಟಿಗೆ ಹೊರುವ ಅಲ್ಲಿಯದೇ ಕೂಲಿಕಾರರು ರಾತ್ರಿ ತಗಡಿನ ಶೆಡ್ಡಿನಲ್ಲಿ ಅದನ್ನು ಫೋನಿನಲ್ಲಿ ಕೇಳುತ್ತಾರೆ. ಊರು ಬಿಟ್ಟು ಬಂದವರಿಗೆ ತಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ಆಗುವ ಸಮಾಧಾನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಹಾಡಬಹುದಾದ ಕಾಲ ಇದು. ಅಂದಮೇಲೆ ಸಾವಿರ ಬಗೆಯ ಹಾಡು ಬರಬೇಕಿತ್ತು. ಬಂದದ್ದು 'ಡಿಜೆ ಜಾನಪದ' ಎಂಬ ಒಂದು ಬಗೆ. ಯಾಕೆಂದರೆ ತಾಳದ ಟ್ರ್ಯಾಕು ಸಿದ್ಧವಾಗಿಯೇ ಸಿಗುತ್ತದೆ. ನಿನ್ನೆ ಯಾವುದನ್ನು ಹೆಚ್ಚು ಜನ ನೋಡಿದರು ಎಂಬ ಲೆಕ್ಕ ಕಣ್ಣಮುಂದೆಯೇ ಇರುತ್ತದೆ. ಇವತ್ತು ಅದನ್ನೇ ಮಾಡು, ನಾಳೆಯೂ ಅದನ್ನೇ ಮಾಡು. ಹಾಡುವವರ ಎದುರು ಕೂತು ಮುಖ ಸಿಂಡರಿಸುವ ಅಜ್ಜಿ ಇಲ್ಲ, ಮೂಗಿನ ಮೇಲೆ ಬೆರಳಿಡುವ ಅತ್ತಿಗೆ ಇಲ್ಲ. ಎಣಿಕೆ ಒಂದೇ ಇರುವುದು. ಎಣಿಕೆಗೆ ರುಚಿ ಗೊತ್ತಿಲ್ಲ.

ಈಗ ಎರಡನೆಯ ಮಾತು, ಹೆಂಗಸರದು.

1931ರಲ್ಲಿ ವಿಜಯಪುರ ಸೀಮೆಯ ಹಲಸಂಗಿಯಿಂದ 'ಗರತಿಯ ಹಾಡು' ಎಂಬ ಪುಸ್ತಕ ಬಂತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹಳ್ಳಿಯ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳು. ಹೆಸರು ನೋಡಿ: ಗರತಿಯ ಹಾಡು. ಅಂದರೆ ಹಾಡಿದವಳು ಗರತಿ. ತವರನ್ನು ಹೊಗಳಿದವಳು ಅವಳು, ಅತ್ತೆಯನ್ನು ಚುಚ್ಚಿದವಳು ಅವಳು, ಗಂಡನಿಗೆ ಬುದ್ಧಿ ಹೇಳಿದವಳೂ ಅವಳೇ. ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲೂ ಅಷ್ಟೇ. ಇಂದು ಐಟಿ ಕಂಪನಿಗಳ ನಡುವೆ ಹೂತುಹೋಗಿರುವ ಹೂಡಿ, ವರ್ತೂರು, ಕಾಡುಗೋಡಿಯಂಥ ಊರುಗಳಲ್ಲಿ ರಾಗಿ ಹೊಲದ ಕಳೆ ತೆಗೆಯುವಾಗ ಹಾಡಿತ್ತು, ಹಸೆಗೆ ಕರೆಯುವಾಗ ಸೋಬಾನೆ ಇತ್ತು, ಊರ ದೇವತೆಗೆ ತಂಬಿಟ್ಟಿನ ದೀಪ ಹೊತ್ತು ನಡೆಯುವಾಗ ಪದಗಳಿದ್ದವು. ಕೆಲವು ಕಡೆ ಒಂದು ಸಾಲು ಕನ್ನಡ, ಒಂದು ಸಾಲು ತೆಲುಗು. ಮದುವೆಯಲ್ಲಿ ಬೀಗರನ್ನು ಹಂಗಿಸುವ ಹಾಡುಗಳಂತೂ ಹೆಂಗಸರಿಗೆ ವರ್ಷಕ್ಕೊಮ್ಮೆ ಸಿಗುತ್ತಿದ್ದ ಬಾಯಿಬಿಡುವ ಹಕ್ಕು. ಗಂಡಿನ ಕಡೆಯವರ ಜಿಪುಣತನವನ್ನು ಅವರೆದುರೇ ರಾಗವಾಗಿ ಹೇಳಿದರೂ ಅವರು ನಗಬೇಕೇ ಹೊರತು ಕೋಪಿಸಿಕೊಳ್ಳುವಂತಿರಲಿಲ್ಲ.

ಇಂದಿನ ಹಾಡಿನಲ್ಲಿ ಹೆಣ್ಣು ಎಲ್ಲಿದ್ದಾಳೆ? ಇದ್ದಾಳೆ, ಬೇಕಾದಷ್ಟಿದ್ದಾಳೆ. ಬಳೆ ಘಲ್ಲೆನ್ನಿಸಿಕೊಂಡು ದಾರಿಯಲ್ಲಿ ನಡೆಯುತ್ತಾಳೆ. ಸೆರಗು ಜಾರಿಸುತ್ತಾಳೆ. ಕೈಕೊಟ್ಟು ಇನ್ನೊಬ್ಬನನ್ನು ಮದುವೆಯಾಗುತ್ತಾಳೆ, ಅವನು ಕುಡಿದು ಅವಳನ್ನು ಬೈಯುತ್ತಾನೆ. ಹಾಡುವವನು ಅವನು, ಹಾಡಿಸಿಕೊಳ್ಳುವವಳು ಅವಳು. ಒಂದು ಕಾಲಕ್ಕೆ ಹಾಡಿನ ಬಾಯಿಯಾಗಿದ್ದವಳು ಈಗ ಹಾಡಿನ ನೋಟವಾಗಿದ್ದಾಳೆ. ನಡುವೆ ಹೆಣ್ಣುದನಿಯೊಂದು ಕೇಳಿದರೂ ಅದು ಆ ಹುಡುಗನ ಮಾತಿಗೆ ವಯ್ಯಾರದ ಉತ್ತರ ಕೊಡುವುದಕ್ಕೆ. ಅವಳ ದುಡಿಮೆ, ಅವಳ ಸಿಟ್ಟು, ಅವಳ ಅಣ್ಣ, ಅವಳ ದೇವರು ಎಲ್ಲವೂ ಹಾಡಿನಿಂದ ಹೊರಗೆ ಹೋಗಿವೆ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದಲ್ಲಿ 'ಕಂಟ್ರಿ ಮ್ಯೂಸಿಕ್' ಎಂಬ ಹಳ್ಳಿಗಾಡಿನ ಹಾಡುಗಳ ಸಂಪ್ರದಾಯವಿದೆ. ಅದರ ಬುಡದಲ್ಲೇ ಹೆಂಗಸರಿದ್ದರು. 1927ರಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ಮೊದಲ ಸಲ ಧ್ವನಿಮುದ್ರಣಕ್ಕೆ ಹಾಡಿದ ಕಾರ್ಟರ್ ಕುಟುಂಬದಲ್ಲಿ ಸಾರಾ ಮತ್ತು ಮೇಬೆಲ್ ಇದ್ದರು. ಅಲ್ಲೂ ಈಚೆಗೆ ಹಾಡುಗಳೆಲ್ಲ ಒಂದೇ ಅಚ್ಚಿಗೆ ಬಿದ್ದವು. ಒಂದು ಟ್ರಕ್ಕು, ಒಂದು ಬಾಟಲಿ ಬಿಯರು, ತುಂಡು ಚಡ್ಡಿ ತೊಟ್ಟ ಒಬ್ಬಳು ಹುಡುಗಿ. 2014-15ರ ಹೊತ್ತಿಗೆ ಒಬ್ಬಾತ ಆರು ಜನಪ್ರಿಯ ಹಾಡುಗಳನ್ನು ಒಂದರ ಮೇಲೊಂದು ಹೇರಿ ಒಟ್ಟಿಗೆ ನುಡಿಸಿ ತೋರಿಸಿದ. ಆರೂ ಒಂದೇ ಹಾಡೇನೋ ಎಂಬಂತೆ ಹೊಂದಿಕೊಂಡವು! ಮರುವರ್ಷವೇ, 2015ರಲ್ಲಿ, ರೇಡಿಯೋ ಕೇಂದ್ರಗಳಿಗೆ ಸಲಹೆ ಕೊಡುವ ಒಬ್ಬ ಮಹನೀಯ, ಗಾಯಕಿಯರ ಹಾಡು ಹೆಚ್ಚು ಹಾಕಬೇಡಿ, ಗಂಡಸರು ಪಚ್ಚಡಿಯ ಸೊಪ್ಪು, ಹೆಂಗಸರು ನಡುವೆ ಅಲ್ಲಲ್ಲಿ ಹಾಕುವ ಟೊಮೆಟೊ ಎಂಬರ್ಥದ ಮಾತಾಡಿ ಗಲಾಟೆಯಾಯಿತು. ನೋಡಿ, ಅಚ್ಚು ಬಿಗಿಯಾಗುವುದೂ ಹೆಣ್ಣುದನಿ ಕಮ್ಮಿಯಾಗುವುದೂ ಅಲ್ಲಿಯೂ ಜೊತೆಜೊತೆಗೇ ನಡೆದಿತ್ತು. ಆದರೆ ಅಲ್ಲಿನ ಇಬ್ಬರು ಎಳೆಯ ಹುಡುಗಿಯರು, ಮ್ಯಾಡಿ ಮತ್ತು ಟೇ, 2014ರಲ್ಲಿ ಈ ಹಾಡುಗಳೊಳಗಿನ ಹುಡುಗಿಯ ಪಾಡನ್ನು ಗೇಲಿಮಾಡಿ ತಾವೇ ಒಂದು ಹಾಡು ಕಟ್ಟಿದರು. ಅದೇ ರೇಡಿಯೋ ಪಟ್ಟಿಯಲ್ಲಿ ಆ ಹಾಡು ಮೊದಲ ಸ್ಥಾನಕ್ಕೇರಿತು. ಬೀಗರನ್ನು ಹಂಗಿಸುವ ಹಾಡಿನ ವಂಶವೇ ಅಲ್ಲವೇ ಅದು?

"ಜನ ಅದನ್ನೇ ಕೇಳ್ತಾರಕ್ಕ, ನಾವೇನು ಮಾಡೋಣ" ಎನ್ನುತ್ತಾರೆ ಸಂಘದ ಹುಡುಗರು. ನಾನು ಅವರನ್ನು ಕೇಳುವುದು ಒಂದೇ: ಜನಕ್ಕೆ ಬೇರೆ ಯಾವುದನ್ನು ಕೇಳಿಸಿ ನೋಡಿದ್ದೀರಪ್ಪ? ದಿನಾ ಅವರೆಕಾಳಿನ ಸಾರನ್ನೇ ಬಡಿಸಿ, ಎಲ್ಲರೂ ಅದನ್ನೇ ಉಣ್ಣುತ್ತಾರೆ ಎಂದರೆ ಅದು ಇಷ್ಟವೋ ಅನಿವಾರ್ಯವೋ ತಿಳಿಯುವುದು ಹೇಗೆ? ಆರ್ಕೆಸ್ಟ್ರಾದ ಹುಡುಗರ ಮೇಲೂ ನನಗೆ ಸಿಟ್ಟಿಲ್ಲ. ಅವರಲ್ಲಿ ಎಷ್ಟೋ ಜನಕ್ಕೆ ತಂಬೂರಿ ಪದ, ಕಂಸಾಳೆಯ ಮಟ್ಟು ಚೆನ್ನಾಗಿ ಗೊತ್ತು. ಅವರದು ರಾತ್ರಿಗಿಷ್ಟು ಎಂಬ ಲೆಕ್ಕದ ಹೊಟ್ಟೆಪಾಡು. ದುಡ್ಡು ಕೊಡುವವರು 'ಜೋಶ್ ಇರಬೇಕು' ಎಂದರೆ ಅವರು ಗುಂಡಿ ಒತ್ತುತ್ತಾರೆ. ದುಡ್ಡು ಕೊಡುವವರು ಯಾರು? ಮನೆಮನೆಗೆ ಬಂದು ರಸೀದಿ ಹರಿಯುವಾಗ ನಾವೇ ತಾನೇ ಕೊಡುವುದು?

ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ. "ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕನ್ನಡ ಕೇಳುವುದೇ ಅಪರೂಪ. ಅಂಥ ಕಡೆ ಯಾವ ತಾಳದಲ್ಲಾದರೂ ಸರಿ, ಕನ್ನಡದ ನಾಲ್ಕು ಮಾತು ಮೈಕಿನಲ್ಲಿ ಬಂದರೆ ಸಾಲದೇ? ಅದಕ್ಕೂ ಕಲ್ಲು ಹಾಕುತ್ತೀರಾ?" ಈ ಮಾತು ಆಡುವವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು ಕೇಳುವ ಹೊರಗಿನವರಿಗೆ ನಾವು ಏನನ್ನು ತೋರಿಸುತ್ತಿದ್ದೇವೆ? ಮಾತು ತಿಳಿಯದ ಅವರ ಕಿವಿಗೆ ಬೀಳುವುದು ತಾಳ ಮಾತ್ರ. ಆ ತಾಳ ಪಂಜಾಬಿನ ಮದುವೆಯಲ್ಲೂ ಉಂಟು, ಚೆನ್ನೈನ ಮೆರವಣಿಗೆಯಲ್ಲೂ ಉಂಟು. ನಮ್ಮದು ಎಂದು ಗುರುತು ಹಿಡಿಯುವುದಕ್ಕೆ ಅದರಲ್ಲಿ ಏನಿದೆ? ಭಾಷೆ ಉಳಿಯುವುದು ಜೋರಾಗಿ ಕೂಗುವುದರಿಂದಲ್ಲ. ಬೇರೆಲ್ಲೂ ಸಿಗದ್ದೊಂದು ಅದರಲ್ಲಿ ಸಿಗುತ್ತದೆ ಎಂದಾಗ ಜನ ಅದರ ಹತ್ತಿರ ಬರುತ್ತಾರೆ.

ಇಷ್ಟು ಹೇಳಿದ ಮೇಲೆ, "ಹಾಗಾದರೆ ಮತ್ತೆ ಬೀಸುವ ಕಲ್ಲು ತಿರುಗಿಸಿ ಎನ್ನುತ್ತೀಯಾ?" ಎಂದು ಯಾರಾದರೂ ಕೇಳಬಹುದು. ಖಂಡಿತ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ರಾಗಿ ಬೀಸಿದ ಯಾವ ಹೆಂಗಸೂ ಹಿಟ್ಟಿನ ಗಿರಣಿ ಬಂದಾಗ ಅಳಲಿಲ್ಲ. ಕಲ್ಲು ಹೋದದ್ದು ಒಳ್ಳೆಯದೇ ಆಯಿತು. ಆದರೆ ಕಲ್ಲಿನ ಜೊತೆಗೆ ಇನ್ನೊಂದು ಹೋಯಿತು. ಕಲ್ಲನ್ನು ಎಷ್ಟು ಬೇಗ ತಿರುಗಿಸಬೇಕು ಎಂಬುದನ್ನು ಅವಳ ಕೈ ನಿರ್ಧರಿಸುತ್ತಿತ್ತು. ಹಾಗಾಗಿ ಅವಳ ಹಾಡಿಗೂ ಅವಳದೇ ನಡಿಗೆ ಇತ್ತು. ಗಾರ್ಮೆಂಟ್ಸಿನ ಲೈನಿನಲ್ಲಿ ಕೂತ ಅವಳ ಮೊಮ್ಮಗಳ ಕೈ ಎಷ್ಟು ಬೇಗ ಓಡಬೇಕು ಎಂಬುದನ್ನು ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟು ನಿರ್ಧರಿಸುತ್ತದೆ. ಮಿಷನ್ನುಗಳ ಸದ್ದಿನಲ್ಲಿ ಪಕ್ಕದವಳ ಮಾತೇ ಕೇಳಿಸದು, ಇನ್ನು ಹಾಡೆಲ್ಲಿ? ದುಡಿಮೆಯ ಹಾಡು ಸತ್ತದ್ದು ಹೀಗೆ. ಸಂಜೆ ದಣಿದು ಬಂದವಳಿಗೆ ಸಿಗುವುದು ಬೇರೆ ಯಾರೋ ಅವಳ ಬಗ್ಗೆ ಹಾಡಿದ ಹಾಡು.

ಯಂತ್ರದ ಬದುಕು ಹಾಡಿಗೆ ಒಗ್ಗುವುದಿಲ್ಲ ಎನ್ನುವವರಿಗೆ ಶಿಶುನಾಳದ ಶರೀಫರನ್ನು ನೆನಪಿಸುತ್ತೇನೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಆ ಸಂತ, ತನ್ನ ಕಾಲಕ್ಕೆ ಬಂದ ಗಿರಣಿಯನ್ನು ನೋಡಿ ಅದರ ಮೇಲೇ ಒಂದು ಪದ ಕಟ್ಟಿದರು. ಅವರಿಗೆ ಗಿರಣಿ ಹೊಸದು, ನಮಗೆ ಪೀಣ್ಯ ಹಳೆಯದು. ಇಲ್ಲಿ ಕೈಗಾರಿಕೆ ಬಂದು ಸುಮಾರು 50 ವರ್ಷವಾಗುತ್ತ ಬಂತು. ಆದರೂ ಇಲ್ಲಿನ ಲೇತು, ಮೊಳೆ, ಹೊಲಿಗೆ, ಪಾಳಿ, ಬಾಡಿಗೆ ಮನೆ, ನೀರಿನ ಟ್ಯಾಂಕರು, ಇದ್ಯಾವುದೂ ಹೆಸರಿಗೂ ಬಾರದ 'ಜಾನಪದ'ಕ್ಕೆ ನಾವು ವರ್ಷವರ್ಷ ಶಾಲು ಹೊದಿಸುತ್ತಿದ್ದೇವೆ.

2016ರ ಏಪ್ರಿಲ್ 18 ಮತ್ತು 19 ನಿಮಗೆ ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂಬ ಕೇಂದ್ರ ಸರ್ಕಾರದ ನಿಯಮದ ವಿರುದ್ಧ ಗಾರ್ಮೆಂಟ್ಸಿನ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಯಾವ ದೊಡ್ಡ ನಾಯಕರೂ ಅವರನ್ನು ಕರೆದಿರಲಿಲ್ಲ. ಎರಡೇ ದಿನದಲ್ಲಿ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಇಡೀ ದೇಶದ ಕಾರ್ಮಿಕರಿಗೆ ಅದರ ಲಾಭವಾಯಿತು. ಹಿಂದಿನ ಕಾಲದಲ್ಲಾಗಿದ್ದರೆ ಇದರ ಮೇಲೆ ಲಾವಣಿ ಹುಟ್ಟುತ್ತಿತ್ತು, ಗೀಗೀ ಮೇಳದವರು ಊರೂರಲ್ಲಿ ಹಾಡುತ್ತಿದ್ದರು. ನಮ್ಮ ಬೀದಿಯ ಒಂದು ರಾಜ್ಯೋತ್ಸವದ ವೇದಿಕೆಯ ಮೇಲಾದರೂ ಅದರ ಸೊಲ್ಲು ನಾನು ಕೇಳಿಲ್ಲ. ರಸ್ತೆಗಿಳಿದವರಲ್ಲಿ ಎಷ್ಟೋ ಜನ ಅದೇ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ತಮ್ಮ ಸೆರಗಿನ ಬಗ್ಗೆ ಹಾಡು ಕೇಳುತ್ತಿರುತ್ತಾರೆ.

ಹಾಡುವ ಬಾಯಿಗೂ ಮಾತಾಡುವ ಬಾಯಿಗೂ ನಂಟಿದೆ ಎಂಬುದು ನನ್ನ ನಂಬಿಕೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೋಡಿ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಎದೆಯಲ್ಲಿಟ್ಟುಕೊಂಡು ಬದುಕಿದ ಸುಕ್ರಜ್ಜಿ 2017ರಲ್ಲಿ ಪದ್ಮಶ್ರೀ ಪಡೆದರು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ಅಜ್ಜಿ ತಮ್ಮ ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು. ನಾಲ್ಕು ಜನರ ನಡುವೆ ದನಿ ಎತ್ತಿ ಹಾಡಿ ಅಭ್ಯಾಸವಿದ್ದವಳಿಗೆ ನಾಲ್ಕು ಜನರ ಮುಂದೆ ದನಿ ಎತ್ತಿ ಬೇಡ ಎನ್ನುವುದೂ ಬರುತ್ತದೆ. ಮದುವೆಮನೆಯಲ್ಲಿ ಡಿಜೆ ಸದ್ದಿಗೆ ಸುಮ್ಮನೆ ಕೂರುವುದನ್ನು ಕಲಿತವಳು ಬೇರೆ ಕಡೆಯೂ ಸುಮ್ಮನೆ ಕೂರುವುದನ್ನೇ ಕಲಿಯುತ್ತಾಳೆ. ನಾನು ಈ ವಿಷಯಕ್ಕೆ ಇಷ್ಟು ಬಾಯಿ ಮಾಡುತ್ತಿರುವುದು ಇದಕ್ಕೇ. ಬರೀ ಸಂಗೀತದ ರುಚಿಯ ಪ್ರಶ್ನೆಯಾಗಿದ್ದರೆ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಿದ್ದೆ.

ಹಳೆಯ ಒರಳು ಇನ್ನೂ ಕೆಟ್ಟಿಲ್ಲ. ನಮ್ಮ ರಸ್ತೆಯ ಕೊನೆಯ ವಠಾರದಲ್ಲಿ ಮಧುಗಿರಿ ಕಡೆಯ ಅಕ್ಕ ಒಬ್ಬರಿದ್ದಾರೆ, ಗಾರ್ಮೆಂಟ್ಸಿನಲ್ಲಿ ಟೈಲರ್. ಒಂದು ಭಾನುವಾರ ಹಪ್ಪಳ ಒತ್ತುತ್ತ ಕೂತಿದ್ದಾಗ, ತಮ್ಮ ಅಜ್ಜಿ ಹೇಳಿಕೊಟ್ಟ ಧಾಟಿಯಲ್ಲಿ ತಾವೇ ಕಟ್ಟಿದ್ದೊಂದನ್ನು ಹಾಡಿದರು. ಕೇಳಿ:

ಎಂಟೂವರೆ ಹೊಡೆದಾಗ ಗೇಟು ಮುಚ್ಚುವರಮ್ಮ
ಒಂದು ನಿಮಿಷ ತಡವಾಗಿ ಅರೆದಿನದ | ಕೂಲೀಯ
ನುಂಗೀತೆ ಗೋಡೆಗಡಿಯಾರ

ಮೂರೇ ಸಾಲು. ಬಾದಾಮಿಯ ಬಂಡೆಯ ಅಚ್ಚು, ಒಳಗಿನ ಹಿಟ್ಟು ಪೀಣ್ಯದ್ದು. ಅಲ್ಲಿದ್ದ ಐದಾರು ಹೆಂಗಸರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ತಮ್ಮದೊಂದು ಸಾಲು ಸೇರಿಸಲು ಹೊರಟರು. ಸೂಪರ್‌ವೈಸರ್ ಬಂದ, ಬಾಡಿಗೆಯ ಮನೆಯೊಡತಿ ಬಂದಳು, ಊರಿನಲ್ಲಿ ಬಿಟ್ಟು ಬಂದ ಮಗು ಬಂತು. ಈ ಅಕ್ಕನನ್ನು ವೇದಿಕೆಗೆ ಕರೆಯೋಣ ಎಂದು ನಾನು ಸಂಘದವರನ್ನು ಕೇಳಿದಾಗ ಬಂದ ಉತ್ತರ: "ಮ್ಯೂಸಿಕ್ ಇಲ್ಲದೆ ಹೆಂಗೆ ಮೇಡಂ? ಟ್ರ್ಯಾಕ್ ಇದ್ದರೆ ಹಾಡಲಿ ಬಿಡಿ."

ಆದ್ದರಿಂದ ನನ್ನ ಬೇಡಿಕೆ ಮೂರು. ಒಂದು, ಬೀದಿಬೀದಿಯ ರಾಜ್ಯೋತ್ಸವದಲ್ಲಿ ಆರ್ಕೆಸ್ಟ್ರಾಕ್ಕೆ ಮುಂಚೆ ಅರ್ಧ ಗಂಟೆ ಆ ಬೀದಿಯ ಹೆಂಗಸರಿಗೆ ಬಿಡಬೇಕು. ಟ್ರ್ಯಾಕು ಬೇಡ, ಗುಂಡಿ ಬೇಡ, ಒಂದು ಮೈಕು ಸಾಕು. ಹಾಡಿದವರಿಗೆ ಹಣ್ಣಿನ ತಟ್ಟೆ ಕೊಟ್ಟು ಕಳಿಸದೆ ಆರ್ಕೆಸ್ಟ್ರಾದವರಿಗೆ ಕೊಡುವಂತೆ ದುಡ್ಡು ಕೊಡಬೇಕು. ಎರಡು, ನಮ್ಮ ಮನೆಗಳ ಮದುವೆಯಲ್ಲಿ ಅರಿಶಿನ ಹಚ್ಚುವ, ಹಸೆಗೆ ಕರೆಯುವ ಹೊತ್ತಿನಲ್ಲಿ ಡಿಜೆ ಬಾಯಿ ಮುಚ್ಚಿರಬೇಕು. ಛತ್ರದವರಿಗೆ ಹಣ ಕಟ್ಟುವಾಗಲೇ ಇದನ್ನು ಹೇಳುವುದು ಕಷ್ಟವೇನಲ್ಲ. ಸೋಬಾನೆ ಬಲ್ಲ ಅಜ್ಜಿಯೊಬ್ಬರು ಪ್ರತಿ ಮದುವೆಯಲ್ಲೂ ಮೂಲೆಯಲ್ಲಿ ಕೂತಿರುತ್ತಾರೆ, ಅವರನ್ನು ಮಧ್ಯಕ್ಕೆ ಕರೆತನ್ನಿ. ಮೂರು, ಹಾಡು ಗೊತ್ತಿರುವವರ ಹತ್ತಿರ ಕೂತು ಬರೆದುಕೊಳ್ಳಿ, ಫೋನಿನಲ್ಲಿ ಮುದ್ರಿಸಿಕೊಳ್ಳಿ. ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ಎಬ್ಬಿಸಿ ದೊಡ್ಡ ಕೆಲಸ ಮಾಡಿದರು. ನಮ್ಮ ವಠಾರದ ಹಾಡು ಹುಡುಕಿಕೊಂಡು ಅಲ್ಲಿಂದ ಯಾರೋ ಬರಲಿ ಎಂದು ಕಾಯುವುದು ಬೇಡ. ಆ ಕೆಲಸ ನಮ್ಮ ಕೈಯಳತೆಯದೇ.

ಈ ಸಲ ರಸೀದಿ ಪುಸ್ತಕ ಹಿಡಿದು ಹುಡುಗರು ಬಾಗಿಲಿಗೆ ಬಂದಾಗ ದುಡ್ಡು ಕೊಡುವ ಮುಂಚೆ ಒಂದು ಮಾತು ಕೇಳಿ: "ಅರ್ಧ ಗಂಟೆ ನಮಗೆ ಬಿಡ್ತೀರಾ?" ಬಿಡುತ್ತೇವೆ ಎಂದರೆ ನೂರು ರೂಪಾಯಿ ಹೆಚ್ಚಿಗೇ ಕೊಡಿ. ಇಲ್ಲ ಎಂದರೆ, ಬೀಗರಿಗೆ ಹಾಡುತ್ತಿದ್ದ ಧಾಟಿ ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದೇ ಇರುತ್ತದೆ. ಬಾಗಿಲಲ್ಲೇ ನಿಂತು ಶುರುಮಾಡಿ.